ಕರ್ನಾಟಕ ಸಂಗೀತ ಕಲಿತವರು ರಾಕ್ ಹಾಡುವಾಗ ಗಮಕ ಬಿಡಬೇಕಾ?

ಮಲೆನಾಡ ತಂಬೂರಿ:
ಎಲ್ಲರಿಗೂ ನಮಸ್ಕಾರ. ಚಿಕ್ಕಂದಿನಿಂದ ಶಿವಮೊಗ್ಗದಲ್ಲಿ ಕರ್ನಾಟಕ ಸಂಗೀತ ಕಲಿತೆ, ಸೀನಿಯರ್ ಪರೀಕ್ಷೆಯೂ ಆಗಿದೆ. ಈಗ ಬೆಂಗಳೂರಲ್ಲಿ ಕೆಲಸ. ಗಿಟಾರ್, ಬಾಸ್, ಡ್ರಮ್ಸ್ ನುಡಿಸುವ ಗೆಳೆಯರು ಸಿಕ್ಕಿದ್ದಾರೆ, ನಾನೇ ಬರೆದ ಕನ್ನಡ ಹಾಡುಗಳನ್ನು ಅವರ ಜೊತೆ ಹಾಡಬೇಕು ಅಂತ ತುಂಬ ಆಸೆ. ಆದರೆ ರೆಕಾರ್ಡ್ ಮಾಡಿ ಕೇಳಿದರೆ ಹಿಂದೆ ರಾಕ್, ಮುಂದೆ ಸಂಗೀತ ಕಚೇರಿ, ಎರಡೂ ಸೇರುತ್ತಲೇ ಇಲ್ಲ. ಸಾಲಿನ ಕೊನೆಗೆ ಗಮಕ, ಅಂದರೆ ಸ್ವರವನ್ನು ತೂಗಿಸಿ ಜಾರಿಸಿ ಹಾಡುವುದು, ತಾನಾಗಿಯೇ ಬಂದುಬಿಡುತ್ತದೆ. ಗಿಟಾರಿನವನು ನೇರವಾಗಿ ಹಾಡು ಅನ್ನುತ್ತಾನೆ, ಹಾಗೆ ಹಾಡಿದರೆ ನನ್ನ ಹಾಡು ಅಂತಲೇ ಅನ್ನಿಸುವುದಿಲ್ಲ. ಕಲಿತದ್ದನ್ನು ಬಿಡಬೇಕಾ? ಮೇಷ್ಟ್ರಿಗೆ ಇನ್ನೂ ವಿಷಯ ಹೇಳಿಲ್ಲ, ಅದೂ ಒಂದು ಭಯ.

ಆರನೇ ತಂತಿ:
ದಯವಿಟ್ಟು ಬಿಡಬೇಡಿ. ತೊಂದರೆ ಗಮಕದಲ್ಲಿಲ್ಲ, ಷಡ್ಜದಲ್ಲಿದೆ, ಅಂದರೆ ಆಧಾರ ಸ್ವರವಾದ ಸ ದಲ್ಲಿ. ತಂಬೂರಿ ಇದ್ದಾಗ ಸ ಕದಲುವುದಿಲ್ಲ, ನಿಮ್ಮ ಕಿವಿ ಪಳಗಿರುವುದು ಅದಕ್ಕೇ. ರಾಕ್‌ನಲ್ಲಿ ಕೆಳಗಡೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾಗುತ್ತಲೇ ಇರುತ್ತದೆ. ಶ್ರುತಿ ಸಿ ಅಂತ ಇಟ್ಟುಕೊಳ್ಳಿ, ಪಂಚಮ (ಪ) ಹಿಡಿದು ನಿಲ್ಲಿ. ಕೆಳಗೆ ಸಿ ಮೇಜರ್ ಇದ್ದರೆ ಅದು ಪಂಚಮವೇ. ಇ ಮೈನರ್ ಬಂದ ತಕ್ಷಣ ಅದೇ ಸ್ವರ ಆ ಕಾರ್ಡಿಗೆ ಸಾಧಾರಣ ಗಾಂಧಾರ (ಕೆಳಗಿನ ಗ), ಎ ಮೈನರ್‌ಗೆ ಹೋದರೆ ಕೈಶಿಕಿ ನಿಷಾದ (ಕೆಳಗಿನ ನಿ). ಗ್ರಹಭೇದ, ಅಂದರೆ ಬೇರೆ ಸ್ವರವನ್ನೇ ಸ ಮಾಡಿಕೊಂಡು ರಾಗ ಬದಲಿಸುವುದು, ಕೇಳಿದ್ದೀರಲ್ವಾ, ಹೆಚ್ಚುಕಡಿಮೆ ಅದೇ ಕೆಲಸ ಇಲ್ಲಿ ಎರಡೆರಡು ಸೆಕೆಂಡಿಗೆ ನಡೆಯುತ್ತಿರುತ್ತದೆ. ನಿಮ್ಮ ಗಿಟಾರಿನವರ ಹತ್ತಿರ ನಾಲ್ಕು ಕಾರ್ಡ್ ಸುಮ್ನೆ ನುಡಿಸಲು ಹೇಳಿ, ಒಂದೇ ಸ್ವರ ಹಿಡಿದು ಅದರ ಬಣ್ಣ ಬದಲಾಗುವುದನ್ನು ಕೇಳುತ್ತಾ ಕೂರಿ. ಸಾಹಿತ್ಯ, ಗಮಕ ಏನೂ ಬೇಡ.

ಆಮೇಲೆ ಗಮಕಕ್ಕೆ ಬನ್ನಿ. ತೋಡಿ ರಾಗದ ಗಾಂಧಾರದಂಥ ತೂಗುವ ಸ್ವರವನ್ನು ಪೂರ್ತಿ ಮೈನರ್ ಕಾರ್ಡಿನ ಮೇಲೆ ಹಾಡಿದರೆ ಗಿಟಾರಿನ ಗಾಂಧಾರಕ್ಕೂ ನಿಮ್ಮದಕ್ಕೂ ಜಗಳ ಗ್ಯಾರಂಟಿ. ಅಲ್ಲಿ ಅವರು ಪವರ್ ಕಾರ್ಡ್ ನುಡಿಸಲಿ. ಅದರಲ್ಲಿ ಇರುವುದು ಸ ಮತ್ತು ಪ ಅಷ್ಟೇ, ಗಾಂಧಾರ ನಿಮ್ಮ ಪಾಲಿಗೆ ಖಾಲಿ ಉಳಿಯುತ್ತದೆ. ಅಂದರೆ ಬದಲಾಗಬೇಕಾದವರು ನೀವೊಬ್ಬರೇ ಅಲ್ಲ, ಇದನ್ನು ಬ್ಯಾಂಡಿನಲ್ಲಿ ಧೈರ್ಯವಾಗಿ ಹೇಳಿ. ಶುರು ಮಾಡಲು ಶುದ್ಧ ಧನ್ಯಾಸಿ ರಾಗ ತಗೊಳ್ಳಿ. ಅದರ ಐದು ಸ್ವರಗಳೇ ಪಾಶ್ಚಾತ್ಯರ ಮೈನರ್ ಪೆಂಟಟಾನಿಕ್ ಸ್ಕೇಲ್, ರಾಕ್ ಗಿಟಾರ್ ನುಡಿಸುವವರು ಸೋಲೋಗೆ ಮೊದಲು ಕಲಿಯುವುದೇ ಅದನ್ನ.

ತಾಳದ್ದೂ ಒಂದು ಮಾತು. ಆದಿತಾಳದ ಪೆಟ್ಟು 1, 5, 7ಕ್ಕೆ. ರಾಕ್‌ನಲ್ಲಿ ನಾಲ್ಕರ ಲೆಕ್ಕ, ಸ್ನೇರ್ ಡ್ರಮ್ಮಿನ ಪೆಟ್ಟು ಬೀಳುವುದು 2 ಮತ್ತು 4ಕ್ಕೆ. ಅಲ್ಲಿ ಚಪ್ಪಾಳೆ ಹಾಕಿಕೊಂಡು ನಿಮ್ಮ ಹಾಡು ಹೇಳಿ ನೋಡಿ, ಒತ್ತು ಎಲ್ಲಿ ಜಾರುತ್ತಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಐದೂವರೆ ಮನೆ:
ತಂಗಿ, ನಾನೂ ಇದೇ ದಾರಿಯಲ್ಲಿ ಬಂದವಳು. ಮೇಲಿನವರು ಹೇಳಿದ್ದು ಸರಿ, ಆದರೆ ಮೊದಲು ಗಂಟಲು ನೋಡಿಕೊಳ್ಳಿ. ಗಿಟಾರಿನವರು ತಮ್ಮ ಕೈಗೆ ಸುಲಭ ಅಂತ ಇ ಅಥವಾ ಎ ಹಿಡಿಯುತ್ತಾರೆ. ನಿಮ್ಮ ಶ್ರುತಿ ಯಾವುದು ಅಂತ ನಿಮಗೆ ಗೊತ್ತು, ಅದಕ್ಕೆ ಹೊಂದುವಂತೆ ಕಾಪೊ (ಗಿಟಾರಿನ ಶ್ರುತಿ ಏರಿಸುವ ಕ್ಲಿಪ್) ಹಾಕಿಸಿ. ಡ್ರಮ್ಸ್ ಸದ್ದಿಗೆ ಪೈಪೋಟಿ ಕೊಟ್ಟು ಕಿರುಚಬೇಡಿ, ಮಾನಿಟರ್‌ನಲ್ಲಿ (ಹಾಡುವವರ ಕಡೆ ಮುಖ ಮಾಡಿರುವ ಸ್ಪೀಕರ್) ನಿಮ್ಮ ದನಿ ನಿಮಗೇ ಕೇಳದಿದ್ದರೆ ಹಾಡು ನಿಲ್ಲಿಸಿ ಜಾಸ್ತಿ ಮಾಡಿಸಿಕೊಳ್ಳಿ. ದನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ, ಮನೆಮದ್ದು ಮಾಡುತ್ತಾ ಕೂರಬೇಡಿ.

ಇದೆಲ್ಲ ಆಗುತ್ತಾ ಅಂತ ಅನುಮಾನ ಬಂದರೆ ನಮ್ಮ ಬೆಂಗಳೂರಿನ ಅಗಂ ಬ್ಯಾಂಡ್ ಕೇಳಿ. ಹರೀಶ್ ಶಿವರಾಮಕೃಷ್ಣನ್ ತ್ಯಾಗರಾಜರ ಕೃತಿಯನ್ನು ಗಮಕ ಸಮೇತ ಹಾಡುತ್ತಾರೆ, ಹಿಂದೆ ಗಿಟಾರ್ ಗುಡುಗುತ್ತಿರುತ್ತದೆ. ಅವರೂ ಐಟಿ ಕೆಲಸ ಇಟ್ಟುಕೊಂಡೇ ಹಾಡಿದವರು.

ಮೇಷ್ಟ್ರಿಗೆ ನೀವೇ ಹೋಗಿ ಹೇಳಿ. ನಮ್ಮ ಗುರುಗಳು ಕೆಲವು ದಿನ ಮಾತು ಬಿಟ್ಟಿದ್ದರು. ಆಮೇಲೆ ಅವರೇ ಕರೆದು ಹಾಡಿಸಿ, ಕಾಕಲಿ ನಿಷಾದ (ಮೇಲಿನ ನಿ) ಇಳಿಯುತ್ತಿದೆ ಅಂತ ತಿದ್ದಿದರು. ಬೇರೆಯವರ ಬಾಯಿಂದ ಕೇಳಿದ್ದರೆ ಎಷ್ಟು ನೊಂದುಕೊಳ್ಳುತ್ತಿದ್ದರೋ.

ಕೀಬೋರ್ಡ್ ಕಿಟ್ಟಿ:
ಒಂದು ವ್ಯವಹಾರದ ಮಾತು. ಸ್ವಂತ ಸಾಹಿತ್ಯದ ಜೊತೆ ಹಳೆಯ ಪದ್ಯಕ್ಕೂ ರಾಗ ಹಾಕುವ ಆಸೆ ಬಂದೇ ಬರುತ್ತದೆ. ಶಿಶುನಾಳ ಶರೀಫರ ಪದಕ್ಕೆ ಯಾರನ್ನೂ ಕೇಳಬೇಕಿಲ್ಲ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಕುವೆಂಪು 1994ರಲ್ಲಿ. ಕವಿ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ, ಹಾಗಾಗಿ ಇವರ ಕವಿತೆಗೆ ಅನುಮತಿ ಬೇಕೇ ಬೇಕು. ಹಾಡು ಬಿಡುಗಡೆ ಮಾಡುವ ಮೊದಲೇ ಸಾಹಿತ್ಯ ಯಾರದು, ರಾಗ ಯಾರದು, ಯಾರಿಗೆ ಎಷ್ಟು ಪಾಲು ಅಂತ ಬ್ಯಾಂಡಿನವರೆಲ್ಲ ಬರೆದು ಸಹಿ ಹಾಕಿಕೊಳ್ಳಿ. ಸ್ಪಾಟಿಫೈ ದುಡ್ಡು ನಂಬಿ ಲೆಕ್ಕ ಹಾಕಬೇಡಿ, 2024ರಿಂದ 12 ತಿಂಗಳಲ್ಲಿ 1000 ಸಲ ಕೇಳದ ಹಾಡಿಗೆ ರಾಯಲ್ಟಿ ಇಲ್ಲ.

ಮಲೆನಾಡ ತಂಬೂರಿ:
ಎಲ್ಲರಿಗೂ ತುಂಬ ಥ್ಯಾಂಕ್ಸ್. ಪವರ್ ಕಾರ್ಡ್ ವಿಷಯ ಗಿಟಾರಿನವನಿಗೆ ಕಳಿಸಿದೆ, ಭಾನುವಾರ ಪ್ರಾಕ್ಟೀಸಿನಲ್ಲಿ ನೋಡೋಣ ಅಂದ. ಅಕ್ಕಾ, ಹಬ್ಬಕ್ಕೆ ಊರಿಗೆ ಹೋದಾಗ ಮೇಷ್ಟ್ರ ಮನೆಗೆ ಹೋಗುತ್ತೇನೆ. ಆರನೇ ತಂತಿ ಅವರೇ, ನನ್ನ ಒಂದು ಹಾಡು ಕೀರವಾಣಿಯಲ್ಲಿದೆ, ಅದಕ್ಕೂ ಪವರ್ ಕಾರ್ಡೇ ಸಾಕಾ?

ಆರನೇ ತಂತಿ:
ಕೀರವಾಣಿ ಅಂದರೆ ಪಾಶ್ಚಾತ್ಯರ ಹಾರ್ಮೋನಿಕ್ ಮೈನರ್ ಸ್ಕೇಲ್. ಪಲ್ಲವಿಗೆ ಪವರ್ ಕಾರ್ಡ್ ಇರಲಿ. ಸಾಲು ಮುಗಿದು ಸ ಗೆ ವಾಪಸ್ ಬರುವ ಮುಂಚೆ ಪಂಚಮದ ಮೇಲೆ ಪೂರ್ತಿ ಮೇಜರ್ ಕಾರ್ಡ್ ಹಾಕಲು ಹೇಳಿ, ನಿಮ್ಮ ಕಾಕಲಿ ನಿಷಾದ ಅದರೊಳಗೇ ಇದೆ. ರೆಕಾರ್ಡ್ ಮಾಡಿ ಇಲ್ಲೇ ಹಾಕಿ, ಕೇಳುತ್ತೇವೆ.