ಮಲೆನಾಡಿನ ಚೀಸ್ ಅಂತಾರೆ, ಹಾಲು ಎಲ್ಲಿಯದು?

ತೀರ್ಥಹಳ್ಳಿಯವಳು:
ಶಿವಮೊಗ್ಗದ ಅಂಗಡಿಯಿಂದ ಒಂದು ಚೀಸ್ ಪ್ಯಾಕೆಟ್ ತಂದೆ. ಮುಂದೆ ಅಡಿಕೆ ತೋಟ, ಮಲೆನಾಡು ಗಿಡ್ಡ ಹಸುವಿನ ಚಿತ್ರ. ಹಿಂದೆ ನೋಡಿದರೆ ನಮ್ಮ ಕಡೆಯ ಒಂದು ಊರಿನ ಹೆಸರೂ ಇಲ್ಲ. ನಮ್ಮ ಮನೆಯಲ್ಲೂ ಎರಡು ಹಸು ಇವೆ, ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕುತ್ತೇವೆ. ಅದಕ್ಕೇ ತುಂಬಾ ಬೇಜಾರಾಯಿತು. ಹಾಲು ಇಲ್ಲಿಯದೇ ಅಂತ ತಿಳಿಯುವುದು ಹೇಗೆ?

ಸಾಗರದಿಂದ:
ಚಿತ್ರ ಬಿಡಿ ಅಕ್ಕಾ, ಸಣ್ಣ ಅಕ್ಷರ ಓದಿ. ತಯಾರಿಸಿದವರು, ಪ್ಯಾಕ್ ಮಾಡಿದವರು, ಮಾರುವವರು ಬೇರೆ ಬೇರೆ ಇರಬಹುದು. 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರನ್ನು ಅವರದೇ ಫಾಸ್ಕಾಸ್ ಜಾಲತಾಣದಲ್ಲಿ ಹುಡುಕಿ, ವಿಳಾಸ ಸಿಗುತ್ತದೆ. ಆದರೆ ಅದು ಲೈಸೆನ್ಸ್ ಇರುವ ಜಾಗದ ವಿಳಾಸ, ಹಾಲಿನದಲ್ಲ.

ಹಾಲಿನ ಕೆಲಸದವನು:
'ಪ್ರೊಸೆಸ್ಡ್ ಚೀಸ್' ಎಂದಿದ್ದರೆ ಅದು ಮೊದಲೇ ಮಾಡಿದ ಚೀಸನ್ನು ಕರಗಿಸಿ ಮತ್ತೆ ಅಚ್ಚು ಹಾಕಿದ್ದು. ಮೂಲ ಚೀಸ್ ಎಲ್ಲಿಂದಲೋ ಬಂದಿರಬಹುದು. ಪದಾರ್ಥಗಳ ಪಟ್ಟಿಯಲ್ಲಿ ಹಾಲು, ಉಪ್ಪು, ಕಲ್ಚರ್ (ಹಾಲು ಹುಳಿ ಮಾಡುವ ಬ್ಯಾಕ್ಟೀರಿಯಾ), ರೆನೆಟ್ (ಹಾಲು ಗಟ್ಟಿ ಮಾಡುವ ಕಿಣ್ವ) ಇಷ್ಟೇ ಇದ್ದರೆ ಹಾಲಿನಿಂದ ನೇರವಾಗಿ ಮಾಡಿದ್ದು. ಇನ್ನೊಂದು ಲೆಕ್ಕ ಇದೆ. ಒಂದು ಕಿಲೋ ಗಟ್ಟಿ ಚೀಸ್‌ಗೆ ಸುಮಾರು 10 ಲೀಟರ್ ಹಾಲು ಬೇಕು. ಮಲೆನಾಡು ಗಿಡ್ಡ ಹಸು ದಿನಕ್ಕೆ ಎರಡು ಮೂರು ಲೀಟರ್ ಕೊಟ್ಟರೆ ಜಾಸ್ತಿ. ಅದರ ಚೀಸ್ ಕಡಿಮೆ ಬೆಲೆಗೆ ಎಲ್ಲ ಅಂಗಡಿಯಲ್ಲೂ ಸಿಗುವುದು ಕಷ್ಟ, ಅಲ್ವಾ?

ತೀರ್ಥಹಳ್ಳಿಯವಳು:
ಈಗ ನೋಡಿದೆ. ಪ್ರೊಸೆಸ್ಡ್ ಅಂತಲೇ ಇದೆ. ವಿಳಾಸ ಬೇರೆ ರಾಜ್ಯದ್ದು! ನಾಳೆ ಫೋನ್ ಮಾಡಿ ಯಾವ ಊರಿನ ಹಾಲು ಅಂತ ಕೇಳುತ್ತೇನೆ.