ಕಿಂಗ್ಸ್ ಕಾಲೇಜ್ ಕಾಯರ್‌ನ ಹುಡುಗರು ಹಾಗೆ ಹಾಡುವುದು ಹೇಗೆ?

ತಂಬೂರಿ:
ಎಲ್ಲರಿಗೂ ನಮಸ್ಕಾರ. ನಾನು ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಗೆಳತಿಯೊಬ್ಬಳು ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜ್ ಕಾಯರ್ (ಆರಾಧನೆಯಲ್ಲಿ ಹಾಡುವ ತಂಡ) 1963ರಲ್ಲಿ ರೆಕಾರ್ಡ್ ಮಾಡಿದ, ಅಲ್ಲೆಗ್ರಿ ಎಂಬ ಇಟಲಿಯ ಸಂಯೋಜಕನ ‘ಮಿಸೆರೆರೆ’ ಎಂಬ ಪ್ರಾರ್ಥನಾಗೀತೆ ಕಳಿಸಿದಳು. ಆವತ್ತಿಂದ ಅದೇ ಕಿವಿಯಲ್ಲಿದೆ. ಅಷ್ಟು ಎತ್ತರದ ಸ್ವರವನ್ನು ಒಬ್ಬ ಹುಡುಗ ಸುಮ್ನೆ ಹೋಗಿ ಮುಟ್ಟಿ ಬರುತ್ತಾನೆ, ಎಲ್ಲೂ ತಿಣುಕಾಟ ಇಲ್ಲ, ಕಂಪನವೂ ಇಲ್ಲ. ಮಿಕ್ಕವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅನ್ನುವುದೇ ಗೊತ್ತಾಗುವುದಿಲ್ಲ. ಇದು ಹುಟ್ಟಿನಿಂದ ಬಂದ ಕಂಠವೋ, ಸಾಧನೆಯೋ? ಇನ್ನೊಂದು, ಹುಡುಗರಿಗಿಂತ ಸ್ವಲ್ಪ ಕೆಳಗೆ ಕೇಳಿಸುವ ದನಿ ಹೆಂಗಸರದ್ದಾ? ಕಾಯರ್‌ನಲ್ಲಿ ಗಂಡಸರು, ಹುಡುಗರು ಮಾತ್ರ ಅಂತ ಓದಿದೆ. ಗೊತ್ತಿರುವವರು ಹೇಳಿ.

ಕೇಂಬ್ರಿಡ್ಜ್_ಕನ್ನಡಿಗ:
ಸಾಧನೆ ಮೇಡಂ, ಬಹುಪಾಲು ಸಾಧನೆಯೇ. ನಾನಿರುವುದು ಇದೇ ಊರಲ್ಲಿ, ಸಂಜೆ ಪುರುಸೊತ್ತಾದಾಗ ಕಾಲೇಜಿನ ಚಾಪೆಲ್‌ಗೆ (ಪ್ರಾರ್ಥನಾಮಂದಿರಕ್ಕೆ) ಹೋಗಿ ಕೂರುತ್ತೇನೆ. ಹುಡುಗರು 16 ಜನ. ಈ ಲೆಕ್ಕ ಈಗಿನದಲ್ಲ, 1441ರಲ್ಲಿ ಕಾಲೇಜು ಸ್ಥಾಪಿಸಿದ ಆರನೇ ಹೆನ್ರಿ ರಾಜ ತನ್ನ ಕಟ್ಟಳೆಯಲ್ಲಿ ಬರೆಸಿದ್ದು. ವಯಸ್ಸು ಸುಮಾರು 8ರಿಂದ 13. ಕಾಲೇಜಿನದೇ ಶಾಲೆಯಲ್ಲಿ ಓದು. ಪಾಠ ಶುರುವಾಗುವ ಮೊದಲು ರಿಹರ್ಸಲ್, ಸಂಜೆ ಆರಾಧನೆಗೆ ಮುಂಚೆ ಮತ್ತೊಮ್ಮೆ ರಿಹರ್ಸಲ್, ಆಮೇಲೆ ಈವನ್‌ಸಾಂಗ್ ಅನ್ನುವ ಆ ಸಂಜೆ ಆರಾಧನೆ. ಟರ್ಮ್ ನಡೆಯುವಾಗ ವಾರದ ಹೆಚ್ಚಿನ ದಿನ ಇದೇ ಕ್ರಮ. ದಿನಾ ಬೇರೆ ಬೇರೆ ಕೃತಿ ಹಾಡಬೇಕು, ಹಾಗಾಗಿ ಬಾಯಿಪಾಠ ಮಾಡುತ್ತಾ ಕೂರಲು ಆಗುವುದಿಲ್ಲ, ಹಾಳೆ ನೋಡಿದ ಕೂಡಲೇ ಹಾಡುವುದು ಹತ್ತು ವರ್ಷದ ಹುಡುಗನಿಗೂ ಬರಲೇಬೇಕು.

ಹಾಡುವವರು ಎರಡು ಗುಂಪಾಗಿ ಎದುರುಬದುರು ನಿಲ್ಲುತ್ತಾರೆ. ದಕ್ಷಿಣದವರಿಗೆ ಡೆಕಾನಿ, ಉತ್ತರದವರಿಗೆ ಕ್ಯಾಂಟೋರಿಸ್ ಅಂತ ಹೆಸರು. ಒಮ್ಮೆ ಹತ್ತಿರವೇ ಜಾಗ ಸಿಕ್ಕಿತ್ತು. ತೀರಾ ಚಿಕ್ಕವನೊಬ್ಬನಿಗೆ ಸಾಲು ತಪ್ಪಿತು. ಪಕ್ಕದ ದೊಡ್ಡ ಹುಡುಗ ತನ್ನ ಹಾಡು ನಿಲ್ಲಿಸದೆ, ಆ ಕಡೆ ತಿರುಗಿಯೂ ನೋಡದೆ, ಅವನ ಪುಸ್ತಕದ ಮೇಲೆ ಬೆರಳಿಟ್ಟು ತೋರಿಸಿದ. ಮುಂದಿನ ಉಸಿರಿಗೆ ಇಬ್ಬರ ಭುಜವೂ ಒಟ್ಟಿಗೆ ಎದ್ದವು. ನೀವು ಕೇಳಿದ ಉಸಿರಿನ ಗುಟ್ಟು ಅಲ್ಲೇ ಇದೆ. ಮೇಷ್ಟ್ರು ಕಲಿಸುವುದು ಒಂದು ಪಾಲು, ಪಕ್ಕದಲ್ಲಿ ನಿಂತವನಿಂದ ಬರುವುದೇ ಜಾಸ್ತಿ.

ಆ ರೆಕಾರ್ಡಿಂಗ್‌ನ ಹುಡುಗ ರಾಯ್ ಗುಡ್‌ಮನ್. ನಡೆಸಿದವರು ಡೇವಿಡ್ ವಿಲ್‌ಕಾಕ್ಸ್. ಮೂಲ ಲ್ಯಾಟಿನ್ ಆದರೂ ಅವರು ಹಾಡಿದ್ದು ಇಂಗ್ಲಿಷಿನಲ್ಲಿ. ಗುಡ್‌ಮನ್ ಮುಂದೆ ಪಿಟೀಲು ವಾದಕರಾದರು, ಆರ್ಕೆಸ್ಟ್ರಾಗಳನ್ನೂ ನಡೆಸಿದರು.

ಬಾಸ್_ದನಿ:
ನಾನು ಬೆಂಗಳೂರಿನ ಚರ್ಚ್ ಕಾಯರ್‌ನಲ್ಲಿ ಹಾಡುತ್ತೇನೆ, ನಮ್ಮದು ಗಂಡಸರು ಹೆಂಗಸರು ಸೇರಿದ ಗುಂಪು. ತಂಬೂರಿ ಅವರ ಎರಡನೇ ಪ್ರಶ್ನೆಗೆ ಉತ್ತರ: ಅಲ್ಲ, ಅದು ಗಂಡಸರದ್ದೇ ದನಿ. ಕೌಂಟರ್‌ಟೆನರ್ ಅನ್ನುತ್ತಾರೆ. ಮಾತಾಡುವಾಗ ಗಡಸು ಕಂಠ ಇರುವವರೇ ಕಳ್ಳದನಿಯನ್ನು, ಅಂದರೆ ಸಹಜ ಕಂಠಕ್ಕಿಂತ ಮೇಲೆ ಎತ್ತುವ ತೆಳು ದನಿಯನ್ನು, ತಿದ್ದಿ ತೀಡಿ ಪೂರ್ತಿ ಕಂಠ ಮಾಡಿಕೊಂಡಿರುತ್ತಾರೆ. ಬಹಳ ಕಾಲ ಇದು ಇಂಗ್ಲೆಂಡಿನ ಕೆಥೀಡ್ರಲ್‌ಗಳ (ಬಿಷಪ್‌ರ ದೊಡ್ಡ ಚರ್ಚುಗಳ) ಒಳಗೇ ಉಳಿದಿತ್ತು. ಕ್ಯಾಂಟರ್ಬರಿಯಲ್ಲಿ ಹಾಡುತ್ತಿದ್ದ ಆಲ್ಫ್ರೆಡ್ ಡೆಲ್ಲರ್ 1940ರ ದಶಕದಲ್ಲಿ ಅದನ್ನು ಕಛೇರಿ ವೇದಿಕೆಗೆ ತಂದರು.

ಹುಡುಗರ ದನಿ ಎಲ್ಲಾ ಕಡೆ ಒಂದೇ ಅಂದುಕೊಳ್ಳಬೇಡಿ. ಅದೇ ಊರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಜಾರ್ಜ್ ಗೆಸ್ಟ್ 1951ರಿಂದ 1991ರವರೆಗೆ ಕಾಯರ್ ನಡೆಸಿದರು. ಅವರ ಹುಡುಗರ ದನಿಯಲ್ಲಿ ಕಾವು ಇದೆ, ಎದೆಯಿಂದ ಬರುತ್ತದೆ. ವಿಲ್‌ಕಾಕ್ಸ್ ಹುಡುಗರದ್ದು ತಿಳಿನೀರಿನ ಹಾಗೆ. ನನ್ನ ಓಟು ಗೆಸ್ಟ್‌ಗೆ. ಆದರೆ ಎರಡು ಕಡೆಯೂ ಸ್ವರಾಕ್ಷರಗಳನ್ನು ಒಂದೇ ಬಾಯಿಯಿಂದ ಬಂದ ಹಾಗೆ ತೆರೆಯುತ್ತಾರೆ, ಪದದ ಕೊನೆಯ ‘ಟ್’ ಎಲ್ಲರದ್ದೂ ಒಂದೇ ಕ್ಷಣಕ್ಕೆ ಬೀಳುತ್ತದೆ. ಕಿಂಗ್ಸ್ ಚಾಪೆಲ್‌ನ ಕಲ್ಲಿನ ಸೂರಿಗೆ ದನಿ ಹೋಗಿ ಕೆಲವು ಸೆಕೆಂಡ್ ನಿಂತುಬಿಡುತ್ತದೆ, ಅಲ್ಲಿ ಒಬ್ಬ ತಡವಾಗಿ ಮುಗಿಸಿದರೂ ಮುಂದಿನ ಸಾಲು ಕಲಸಿಹೋಗುತ್ತದೆ.

ಗಮಕಪ್ರಿಯ:
ಎಲ್ಲರೂ ಎತ್ತರದ ಸ್ವರದ ಬಗ್ಗೆಯೇ ಮಾತಾಡುತ್ತಿದ್ದೀರಿ. ನನ್ನ ಕೇಳಿದರೆ ಈ ಕಾಯರ್‌ಗಳ ನಿಜವಾದ ಕಲೆ ಇರುವುದು ಕೀರ್ತನೆ ಹಾಡುವುದರಲ್ಲಿ, ಬೈಬಲ್‌ನ 150 ಕೀರ್ತನೆಗಳಲ್ಲಿ. ಇಂಗ್ಲೆಂಡಿನ ಚರ್ಚಿನ ಪ್ರಾರ್ಥನಾ ಪುಸ್ತಕ ಅವನ್ನು ತಿಂಗಳ 30 ದಿನಕ್ಕೆ ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು ಅಂತ ಹಂಚಿದೆ. ರಾಗ ಅಂದರೆ ಚಾಂಟ್ ಅನ್ನುವ ಒಂದು ಚಿಕ್ಕ ಚೌಕಟ್ಟು ಅಷ್ಟೇ, ಸಾದಾ ಚಾಂಟ್‌ನಲ್ಲಿ ಹತ್ತೇ ಹತ್ತು ಸ್ವರಮೇಳ. ಮೊದಲ ಸ್ವರದ ಮೇಲೆ ಎಷ್ಟು ಪದ ಬೇಕಾದರೂ ನಿಲ್ಲಬಹುದು, ಒಂದು ವಚನದಲ್ಲಿ ಎರಡು ಪದ, ಇನ್ನೊಂದರಲ್ಲಿ ಹದಿನೈದು. ತಾಳ ಇಲ್ಲ. ಮಾತಿನ ನಡೆಯೇ ಲಯ. ನಮ್ಮ ಗಮಕಿಗಳು ಕುಮಾರವ್ಯಾಸನನ್ನು ಓದುವಾಗ ತಾಳ ಬಿಟ್ಟು ಅರ್ಥ ಹಿಡಿಯುತ್ತಾರಲ್ಲ, ಹಾಗೆ. ಆದರೆ ಗಮಕಿ ಒಬ್ಬರೇ. ಇಲ್ಲಿ ಸುಮಾರು ಮೂವತ್ತು ಜನ ನಾಲ್ಕು ಬೇರೆ ಬೇರೆ ಸ್ವರಗಳಲ್ಲಿ ಒಂದೇ ವಾಕ್ಯವನ್ನು ಒಬ್ಬರೇ ಮಾತಾಡಿದ ಹಾಗೆ ಹೇಳಬೇಕು, ಎಲ್ಲಿ ಹಗುರ, ಎಲ್ಲಿ ಒತ್ತು, ಎಲ್ಲಿ ತಡೆದು ಮುಂದೆ ಹೋಗಬೇಕು ಅನ್ನುವುದು ಎಲ್ಲರ ನಾಲಿಗೆಗೂ ಗೊತ್ತಿರಬೇಕು. ವರ್ಷಗಟ್ಟಲೆ ಒಟ್ಟಿಗೆ ಹಾಡದೆ ಇದು ಬರುವುದಿಲ್ಲ.

15ನೇ ತಾರೀಕು ಸಂಜೆಗೆ 78ನೇ ಕೀರ್ತನೆ, 70ಕ್ಕೂ ಹೆಚ್ಚು ವಚನ. ಈಜಿಪ್ಟಿನ ಮೇಲೆ ಬಂದ ಕಪ್ಪೆ, ನೊಣ, ಆಲಿಕಲ್ಲು ಎಲ್ಲಾ ಇದರಲ್ಲಿದೆ. ಒಳ್ಳೆಯ ಆರ್ಗನ್ ವಾದಕರು ಆ ಪದ ಬಂದಾಗ ಬಣ್ಣ ಬದಲಿಸುತ್ತಾರೆ. ಪೂರ್ತಿ ಹಾಡುವ ಕಡೆ ಸಿಕ್ಕಿದರೆ ಬಿಡಬೇಡಿ.

ತಂಬೂರಿ:
ಅಬ್ಬಾ, ಎಷ್ಟು ವಿಷಯ! ಎಲ್ಲರಿಗೂ ಥ್ಯಾಂಕ್ಸ್. ಇನ್ನೆರಡು ಪ್ರಶ್ನೆ. ತಂಬೂರಿ ಇಲ್ಲದೆ ಶ್ರುತಿ ಹೇಗೆ ನಿಲ್ಲಿಸುತ್ತಾರೆ? ದನಿ ಒಡೆದ ಮೇಲೆ ಆ ಹುಡುಗರ ಗತಿ ಏನು? ಹೆಣ್ಣುಮಕ್ಕಳಿಗೆ ಈ ವಿದ್ಯೆ ಇಲ್ವಾ ಅಂತಲೂ ಮನಸ್ಸಿಗೆ ಚುಚ್ಚುತ್ತಿದೆ.

ಕೇಂಬ್ರಿಡ್ಜ್_ಕನ್ನಡಿಗ:
ಶ್ರುತಿಗೆ ಕ್ರಿಸ್‌ಮಸ್ ಹಿಂದಿನ ದಿನದ ಆರಾಧನೆ ಕೇಳಿ. ಕಿಂಗ್ಸ್‌ನಲ್ಲಿ 1918ರಲ್ಲಿ ಶುರುವಾಗಿದ್ದು, 1928ರಿಂದ ರೇಡಿಯೋದಲ್ಲೂ ಬರುತ್ತಿದೆ. ಮೊದಲ ಹಾಡಿನ ಮೊದಲ ಚರಣವನ್ನು ಒಬ್ಬ ಹುಡುಗ ಒಂಟಿಯಾಗಿ ಹಾಡುತ್ತಾನೆ, ಯಾವ ವಾದ್ಯವೂ ಇಲ್ಲ. ಎರಡನೆಯದು ಕಾಯರ್. ಆಮೇಲೆ ಆರ್ಗನ್ ಸೇರುತ್ತದೆ. ಅಷ್ಟರಲ್ಲಿ ಕೂದಲೆಳೆಯಷ್ಟು ಇಳಿದಿದ್ದರೂ ಆರ್ಗನ್ ಬಂದ ಕ್ಷಣ ಲೋಕಕ್ಕೆಲ್ಲ ಗೊತ್ತಾಗುತ್ತದೆ. ಯಾರು ಹಾಡಬೇಕು ಅನ್ನುವುದನ್ನು ಶುರುವಾಗುವ ಹೊತ್ತಿಗೆ ಮಾತ್ರ ಹೇಳುತ್ತಾರೆ, ಹೆದರಿಕೆ ಕೂರಲು ಸಮಯ ಸಿಗಬಾರದು ಅಂತ.

ದನಿ ಒಡೆದರೆ ಟ್ರೆಬಲ್ (ಹುಡುಗರ ಎತ್ತರದ ದನಿಯ) ಸಾಲಿನಿಂದ ಇಳಿಯಬೇಕು. ಸಂಕಟದ ಮಾತೆಂದರೆ, ಒಡೆಯುವ ಮುಂಚಿನ ಒಂದೆರಡು ವರ್ಷವೇ ದನಿ ಅತ್ಯಂತ ಚೆನ್ನಾಗಿರುವುದು. ಎದೆ, ಶ್ವಾಸಕೋಶ ಬೆಳೆದಿರುತ್ತವೆ, ಧ್ವನಿತಂತುಗಳು ಇನ್ನೂ ಚಿಕ್ಕವು. ಲಂಡನ್ನಿನ ಟೆಂಪಲ್ ಚರ್ಚ್‌ನ ಅರ್ನೆಸ್ಟ್ ಲಾಫ್ 1927ರಲ್ಲಿ ಸಂಯೋಜಕ ಮೆಂಡೆಲ್‌ಸನ್‌ನ ಕೃತಿಯೊಂದನ್ನು ರೆಕಾರ್ಡಿಗೆ ಹಾಡಿದಾಗ ವಯಸ್ಸು 15. ಆ ಗ್ರಾಮಫೋನ್ ತಟ್ಟೆ ಎಷ್ಟು ಖರ್ಚಾಯಿತೆಂದರೆ, ಅಚ್ಚು ಸವೆದು ಮುಂದಿನ ವರ್ಷ ಮತ್ತೆ ರೆಕಾರ್ಡ್ ಮಾಡಬೇಕಾಯಿತು. ಈಗ ಹುಡುಗರು ಬೇಗ ಬೆಳೆಯುತ್ತಾರೆ, ಹದಿಮೂರು ಮುಟ್ಟಿದರೆ ಹೆಚ್ಚು.

ಬಾಸ್_ದನಿ:
ಹೆಣ್ಣುಮಕ್ಕಳ ಮಾತು ಬಂದಿದ್ದು ಒಳ್ಳೆಯದಾಯಿತು. ಸಾಲ್ಸ್‌ಬರಿ ಕೆಥೀಡ್ರಲ್ 1991ರಲ್ಲಿ ಹುಡುಗಿಯರದೇ ಕಾಯರ್ ಶುರು ಮಾಡಿತು, ಆಮೇಲೆ ಒಂದೊಂದಾಗಿ ಬೇರೆ ಕೆಥೀಡ್ರಲ್‌ಗಳೂ ಶುರು ಮಾಡಿದವು. ಸೇಂಟ್ ಜಾನ್ಸ್ 2022ರಿಂದ ಹುಡುಗರ ಜೊತೆಯಲ್ಲೇ ಹುಡುಗಿಯರನ್ನೂ ಸೇರಿಸಿಕೊಂಡಿದೆ. ಅದು ಸರಿಯಾದ ಹೆಜ್ಜೆ ಅಂತಲೇ ನನ್ನ ಅಭಿಪ್ರಾಯ. ಒಂದೇ ತರಬೇತಿ ಕೊಟ್ಟರೆ ಹುಡುಗನೋ ಹುಡುಗಿಯೋ ಅಂತ ಗುರುತಿಸುವಲ್ಲಿ ಪಳಗಿದ ಕಿವಿಗಳೂ ಎಡವುತ್ತವೆ.

ಗಮಕಪ್ರಿಯ:
ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ. ದಿನಾ ಹಾಡುವ ಪದ್ಧತಿ ಮಾತ್ರ ಬಿಡಬಾರದು. ಹುಡುಗರ ಕಾಯರ್ ಬೇಕು ಅನ್ನುವವರಿಗೆ ಹುಡುಗರು ಹಾಡುವುದನ್ನೇ ಬಿಟ್ಟುಬಿಡುತ್ತಾರೇನೋ ಅನ್ನುವ ಭಯ ಇದೆ, ಅದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ತಂಬೂರಿ ಅವರೇ, ಬಿಬಿಸಿ ರೇಡಿಯೋ 3ರಲ್ಲಿ ಪ್ರತಿ ವಾರ ‘ಕೋರಲ್ ಈವನ್‌ಸಾಂಗ್’ ಬರುತ್ತದೆ, 1926ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆ ಎಂಬ ಚರ್ಚಿನಿಂದ ಶುರುವಾದದ್ದು. ಅದರಲ್ಲಿ ಕೀರ್ತನೆ ಬಂದಾಗ ಅದರ ಇಂಗ್ಲಿಷ್ ಪಠ್ಯ ಮುಂದಿಟ್ಟುಕೊಂಡು ಕೇಳಿ. ಲಂಡನ್ ಕಡೆ ಹೋಗುವುದಾದರೆ ಅಬೆಯಲ್ಲಿ ಈವನ್‌ಸಾಂಗ್‌ಗೆ ಟಿಕೆಟ್ ಇಲ್ಲ, ಯಾವ ಧರ್ಮದವರು ಬೇಕಾದರೂ ಹೋಗಿ ಕೂರಬಹುದು.