ಅಪ್ಪಾರ ಗುಳಿಗಿ ಖರ್ಚು ಹೆಂಗ ಕಡಿಮಿ ಮಾಡೋದ್ರಿ?

ಧಾರವಾಡದ ಮಗಳು:
ನಮ್ಮ ಅಪ್ಪಾರಿಗೆ 74 ರೀ, ಬಿಪಿ ಶುಗರ್ ಎರಡೂ ಅದಾವ, ಪೆನ್ಷನ್ ಬಂದ್ ಕೂಡ್ಲೆ ಅರ್ಧ ರೊಕ್ಕ ಮೆಡಿಕಲ್ ಶಾಪಿಗೇ ಹೋಗ್ತೈತಿ. ಮೊನ್ನೆ ಡಬ್ಬಿ ತಗದ್ ನೋಡಿದ್ರ ಗುಳಿಗಿ ಅರ್ಧ ಅರ್ಧ ಮುರದ್ ಇಟ್ಟಾರ, ಕೇಳಿದ್ರ ತಿಂಗಳ ಪೂರ್ತಿ ಬರ್ಲಿ ಅಂತ ಮುರದೇನವ್ವಾ ಅಂದ್ರು, ಕರಳ ಚುರ್ ಅಂತು.

ಗದಗಿನಾಂವ:
ಅಕ್ಕಾರ, ಮೊದ್ಲ ಮುರಿಯೋದ್ ನಿಲ್ಲಸ್ರಿ. ಡೋಸ್ ಕಡಿಮಿ ಆದ್ರ ಬಿಪಿ ಏರ್ತೈತಿ, ಅದರಾಗ ಎಸ್‌ಆರ್ (ಅಂದ್ರ ಔಷಧ ನಿಧಾನಕ್ಕ ಬಿಡೋದು) ಅಂತ ಬರೆದಿರೋ ಗುಳಿಗಿ ಮುರದ್ರ ಔಷಧ ಒಮ್ಮೆಲೆ ಮೈಗೆ ಇಳೀಬಹುದು. ಡಾಕ್ಟರ್ ಚೀಟಿ ತಗೊಂಡ್ ಜನೌಷಧಿ ಕೇಂದ್ರಕ್ಕ (ಸರ್ಕಾರದ ಯೋಜನೆದ ಕಡಿಮಿ ರೇಟಿನ ಔಷಧ ಅಂಗಡಿ) ಹೋಗ್ರಿ, ಕಂಪನಿ ಹೆಸರ ಹೇಳಬ್ಯಾಡ್ರಿ, ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟಾನ್ ಹಿಂಗ ಒಳಗಿನ ಔಷಧದ ಹೆಸರು, ಎಷ್ಟು ಮಿಲಿಗ್ರಾಂ ಅನ್ನೋದು ಹೇಳ್ರಿ. ಅಲ್ಲಿ ರೇಟು ಸಾಮಾನ್ಯವಾಗಿ 50ರಿಂದ 90 ಪರ್ಸೆಂಟ್ ಕಡಿಮಿ. ನಮ್ಮ ಅವ್ವಗ ಮೂರ್ ವರ್ಷದಿಂದ ಅಲ್ಲಿವೇ, ಶುಗರ್ ಕಂಟ್ರೋಲ್‌ನ್ಯಾಗೇ ಐತ್ರಿ.

ಹಾವೇರಿ ಸಿಸ್ಟರ್:
ಸರ್ಕಾರಿ ಆಸ್ಪತ್ರ್ಯಾಗ ಎನ್‌ಸಿಡಿ ಕ್ಲಿನಿಕ್ (ಬಿಪಿ ಶುಗರ್‌ನಂಥಾ ಒಬ್ರಿಂದ ಒಬ್ರಿಗೆ ಅಂಟದ ರೋಗದ ಕ್ಲಿನಿಕ್) ಇರ್ತೈತ್ರಿ, ಬಿಪಿ ಶುಗರ್ ಗುಳಿಗಿ ಪುಕ್ಕಟೆ ಕೊಡ್ತಾರ. ಇನ್ನೊಂದ್ ಮಾತು, ಎಲ್ಲಾ ಚೀಟಿ, ಎಲ್ಲಾ ಗುಳಿಗಿ ಒಂದ್ ಚೀಲದಾಗ ಹಾಕ್ಕೊಂಡ್ ಹೋಗಿ ಡಾಕ್ಟರ್ ಮುಂದ ಸುರವ್ರಿ, ಇಬ್ಬರು ಡಾಕ್ಟರ್ ಒಂದೇ ಔಷಧ ಬ್ಯಾರೆ ಬ್ಯಾರೆ ಹೆಸರಲೆ ಬರದಿದ್ದು ನಾನೇ ನೋಡೇನಿ.

ಧಾರವಾಡದ ಮಗಳು:
ನಾಳೆನ ಚೀಲ ತಗೊಂಡ್ ಹೊಂಟೇನ್ರಿ, ಅಪ್ಪಾರ್ನೂ ಕರ್ಕೊಂಡ್.